ಕಂಪ್ಯೂಟರ್ ಪಿಯಾನೊ ತಗಡಿನಂತೆ ನುಡಿಯುತ್ತಿದೆಯೇ? ದೋಷ ಹುಡುಕುವ ದಾರಿ

ಮೈಸೂರಿನಲ್ಲಿ ಪಿಯಾನೊ ಕಲಿಯುವ ಮಕ್ಕಳಿರುವ ಮನೆಗಳಿಂದ ನನಗೆ ಬರುವ ದೂರು ಬಹುಮಟ್ಟಿಗೆ ಒಂದೇ. ಮಿಡಿ ಕೀಬೋರ್ಡ್ (ಯಾವ ಕೀಯನ್ನು ಎಷ್ಟು ಬಲದಿಂದ ಒತ್ತಿದಿರಿ ಎಂದು ಕಂಪ್ಯೂಟರಿಗೆ ತಿಳಿಸುವಂಥದ್ದು) ಕೊಂಡಾಗಿದೆ, ಯುಎಸ್‌ಬಿ ತಂತಿಯಿಂದ ಲ್ಯಾಪ್‌ಟಾಪ್‌ಗೆ ಜೋಡಿಸಿದ್ದೂ ಆಗಿದೆ, ದನಿಯೂ ಬರುತ್ತಿದೆ, ಆದರೆ ಅದು ಪಿಯಾನೊದ ದನಿಯಲ್ಲ. ಅಷ್ಟು ಹೊತ್ತಿಗೆ ಅವರು ಅಂತರ್ಜಾಲದಿಂದ ಸಾಲುಸಾಲಾಗಿ ಪಿಯಾನೊ ಕಡತಗಳನ್ನು ಇಳಿಸಿಕೊಂಡು, ಒಂದೊಂದನ್ನೂ ಹಾಕಿ ನೋಡಿ, ಎಲ್ಲವೂ ಒಂದೇ ಎಂದು ಕೈಚೆಲ್ಲಿರುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ದನಿಯ ಕಡತ ಬದಲಾಯಿಸುವುದು ಕೊನೆಯಲ್ಲಿ ಮಾಡಬೇಕಾದ ಕೆಲಸ. ಬೆರಳಿನಿಂದ ಕಿವಿಗೆ ಹೋಗುವ ದಾರಿಯಲ್ಲಿ ಕೀಬೋರ್ಡ್, ದನಿ ಹುಟ್ಟಿಸುವ ಸಿಂಥಸೈಸರ್ ತಂತ್ರಾಂಶ, ಆ ದನಿಯನ್ನು ಹೊರಗೆ ಕಳಿಸುವ ಆಡಿಯೊ ಡ್ರೈವರ್ ಮತ್ತು ಸ್ಪೀಕರ್ ಇವೆ. ಇವುಗಳಲ್ಲಿ ಯಾವುದು ಕೆಟ್ಟಿದೆ ಎಂದು ಮೊದಲು ಪತ್ತೆ ಹಚ್ಚಬೇಕು. ನಾನು ನೋಡಿರುವಂತೆ ಹೆಚ್ಚಿನ ದೋಷಗಳು ಕೀಬೋರ್ಡಿನ ತುದಿಯಲ್ಲೇ ಇರುತ್ತವೆ, ಹುಡುಕಾಟ ಮಾತ್ರ ಯಾವಾಗಲೂ ಇನ್ನೊಂದು ತುದಿಯಿಂದ ಶುರುವಾಗುತ್ತದೆ.

ಮೊದಲು ಒಂದೇ ಸ್ವರ

ತಂತಿಯ ಹೆಡ್‌ಫೋನ್ ಹಾಕಿಕೊಳ್ಳಿ. ಬ್ಲೂಟೂತ್ ಬೇಡ, ಕಾರಣ ಮುಂದೆ ಹೇಳುತ್ತೇನೆ. ಕೀಬೋರ್ಡಿನ ನಡುವಿನ ಸಿ ಸ್ವರವನ್ನು ಸಾಮಾನ್ಯ ಬಲದಿಂದ ಒತ್ತಿ, ಬೆರಳು ಎತ್ತದೆ, ದನಿ ಪೂರ್ತಿ ಆರುವವರೆಗೆ ಕೇಳಿ. ಒತ್ತಿದ ಕೂಡಲೇ ದನಿ ಬಂತೇ? ಕ್ರಮೇಣ ಇಳಿಯಿತೇ, ಅಥವಾ ಹಾರ್ಮೋನಿಯಂನಂತೆ ಒಂದೇ ಮಟ್ಟದಲ್ಲಿ ನಿಂತಿತೇ? ಇಳಿಯುವಾಗ ಅಲೆಅಲೆಯಾಗಿ ನಡುಗಿತೇ?

ಆಮೇಲೆ ಅದೇ ಸ್ವರವನ್ನು ತೀರಾ ಮೆಲ್ಲಗೆ, ನಡುಬಲದಲ್ಲಿ ಮತ್ತು ಜೋರಾಗಿ ಒತ್ತಿ ನೋಡಿ. ಇಲ್ಲಿ ಕೇಳಬೇಕಾದದ್ದು ದನಿಯ ಗಾತ್ರವನ್ನಷ್ಟೇ ಅಲ್ಲ, ಅದರ ಬಣ್ಣವನ್ನೂ ಕೇಳಬೇಕು. ನಿಜವಾದ ಪಿಯಾನೊದಲ್ಲಿ ತಂತಿಗೆ ಬಡಿಯುವ ಸುತ್ತಿಗೆಯ ತುದಿಯಲ್ಲಿ ಉಣ್ಣೆಯ ಫೆಲ್ಟ್ ಇರುತ್ತದೆ. ಜೋರಾಗಿ ಬಡಿದಾಗ ಆ ಫೆಲ್ಟ್ ಅದುಮಿ ಗಟ್ಟಿಯಾಗುತ್ತದೆ, ಮೂಲ ಸ್ವರದ ಜೊತೆಗೆ ಹುಟ್ಟುವ ಮೇಲಿನ ಅನುಸ್ವರಗಳು ಹೆಚ್ಚಾಗಿ ಏಳುತ್ತವೆ, ದನಿ ಮೊನಚಾಗುತ್ತದೆ. ಮೆಲ್ಲಗೆ ಬಡಿದರೆ ದುಂಡನೆಯ, ಮಬ್ಬು ಮಬ್ಬಾದ ನಾದ. ನಿಮ್ಮ ಕಂಪ್ಯೂಟರಿನಲ್ಲಿ ಮೂರೂ ಸಲ ಒಂದೇ ಬಣ್ಣ ಕೇಳಿ, ಗಾತ್ರವಷ್ಟೇ ಏರಿಳಿದರೆ ದೋಷ ಕಡತದ್ದು. ಗಾತ್ರವೂ ಬದಲಾಗದಿದ್ದರೆ ದೋಷ ಕೀಬೋರ್ಡಿನದು. ಮೂರೂ ಸರಿಯಾಗಿದ್ದು, ಹೆಡ್‌ಫೋನ್ ತೆಗೆದು ಸ್ಪೀಕರ್ ಹಾಕಿದಾಗ ಮಾತ್ರ ಕೆಟ್ಟು ಕೇಳಿಸಿದರೆ ಸ್ಪೀಕರ್ ಮತ್ತು ಕೋಣೆಯ ಭಾಗಕ್ಕೆ ನೇರವಾಗಿ ಹೋಗಬಹುದು.

ಮೂರು ಎಂಬಿಯ ಪಿಯಾನೊ

ವಿಂಡೋಸ್ ಕಂಪ್ಯೂಟರಿನಲ್ಲಿ ಏನನ್ನೂ ಹೊಸದಾಗಿ ಹಾಕದೆ ದನಿ ಬರುತ್ತಿದೆ ಎಂದಾದರೆ, ಅದು ಬಹುಶಃ ವಿಂಡೋಸಿನೊಳಗೇ ಇರುವ ಮೈಕ್ರೋಸಾಫ್ಟ್ ಜಿಎಸ್ ವೇವ್‌ಟೇಬಲ್ ಸಿಂತ್. 1991ರಲ್ಲಿ ಬಂದ ಜನರಲ್ ಮಿಡಿ ಎಂಬ ಗೊತ್ತಾದ ವಾದ್ಯಪಟ್ಟಿಯ 128 ವಾದ್ಯಗಳೂ ತಾಳವಾದ್ಯಗಳೂ ಸೇರಿ ಅದರ ಒಟ್ಟು ಕಡತ ಸುಮಾರು ಮೂರು ಎಂಬಿ. ಸಿ.ಡಿ. ಗುಣಮಟ್ಟದ ಸ್ಟೀರಿಯೊ ಲೆಕ್ಕದಲ್ಲಿ ಅದು ಇಪ್ಪತ್ತು ಸೆಕೆಂಡಿಗೂ ಸಾಲದು. ದೊಡ್ಡ ಗ್ರ್ಯಾಂಡ್ ಪಿಯಾನೊದ ಮಂದ್ರದ ಒಂದು ತಂತಿಯೇ ಅಷ್ಟು ಹೊತ್ತು ನುಡಿಯಬಲ್ಲದು. ಹಾಗಾಗಿ ಅಲ್ಲಿ ಪಿಯಾನೊದ ಏಟಿನ ಚಿಕ್ಕ ತುಣುಕೊಂದನ್ನು ಇಟ್ಟುಕೊಂಡು, ಅದರ ಬಾಲವನ್ನು ಮತ್ತೆ ಮತ್ತೆ ಸುತ್ತಿಸಿ, ಗಾತ್ರವನ್ನು ಇಳಿಸುತ್ತಾ ಹೋಗುತ್ತಾರೆ. ಇಳಿಯುವಾಗ ಕೇಳುವ ಆ ಜೀವವಿಲ್ಲದ ಬಾಲವೇ ತಗಡಿನ ಗುಟ್ಟು. ಮಿಡಿ ಕಡತಗಳನ್ನು ಕೇಳಿಸಲು ಅದು ಸಾಕು, ಕುಳಿತು ನುಡಿಸಲು ಸಾಲದು. ಒತ್ತಿದ ಎಷ್ಟೋ ಹೊತ್ತಿಗೆ ದನಿ ಬರುವ ಕಾಟವೂ ಅದರಲ್ಲಿದೆ.

ಇದೊಂದು ಪ್ರಕರಣದಲ್ಲಿ ಮಾತ್ರ ಕಡತ ಬದಲಾಯಿಸುವುದನ್ನೇ ಮೊದಲು ಮಾಡಿ. ಉಚಿತವಾಗಿ ಸಿಗುವವುಗಳಲ್ಲಿ ನಾನು ಮೊದಲು ಹಾಕಿಕೊಡುವುದು ಸಾಲಮಾಂಡರ್ ಗ್ರ್ಯಾಂಡ್ ಪಿಯಾನೊ. ಯಮಾಹಾ ಸಿ5 ಗ್ರ್ಯಾಂಡ್ ಒಂದನ್ನು 16 ಬಲದ ಹಂತಗಳಲ್ಲಿ ನುಡಿಸಿ ಧ್ವನಿಮುದ್ರಿಸಿದ ಸಂಗ್ರಹ ಅದು. ಮೆಲ್ಲಗೆ ಒತ್ತಿದಾಗ ನಿಜವಾಗಿಯೂ ಮೆಲ್ಲಗೆ ನುಡಿಸಿದ ಸ್ವರವೇ ಕೇಳುತ್ತದೆ. ಎಸ್‌ಎಫ್‌ಝಡ್ ರೂಪದ ಕಡತವನ್ನು ಉಚಿತವಾದ ಸ್ಫೋರ್ಜಾಂಡೊ ತಂತ್ರಾಂಶದಲ್ಲಿ ತೆರೆಯಬಹುದು. ಹಳೆಯ, ಮೆಮೊರಿ ಕಡಿಮೆಯಿರುವ ಯಂತ್ರವಾದರೆ ಫ್ಲೂಯಿಡ್‌ಸಿಂತ್ ಎಂಬ ಸಿಂಥಸೈಸರ್ ತಂತ್ರಾಂಶದ ಜೊತೆಗೆ ಚಿಕ್ಕ ಸೌಂಡ್‌ಫಾಂಟ್ ಎಂಬ ದನಿ ಕಡತ ಒಂದು ಸಾಕು. ಧ್ವನಿಮುದ್ರಣವನ್ನೇ ಬಳಸದೆ ತಂತಿ, ಸುತ್ತಿಗೆ, ಹಲಗೆಗಳ ನಡವಳಿಕೆಯನ್ನು ಲೆಕ್ಕ ಹಾಕಿ ದನಿ ಹುಟ್ಟಿಸುವ ಪಿಯಾನೊಟೆಕ್ ಹಣ ಕೊಟ್ಟು ಕೊಳ್ಳುವಂಥದ್ದು. ಅದನ್ನು ಕೊಳ್ಳುವ ಮುನ್ನ ಕೆಳಗಿನದನ್ನೆಲ್ಲ ನೋಡಿಬಿಡಿ, ಹಣ ಉಳಿದರೂ ಉಳಿಯಬಹುದು.

ಇಲ್ಲೊಂದು ಚಿಕ್ಕ ಕುಣಿಕೆಯಿದೆ. ಕೆಲವು ತಂತ್ರಾಂಶಗಳು ವಾದ್ಯಗಳನ್ನು ಸೊನ್ನೆಯಿಂದ ಎಣಿಸುತ್ತವೆ, ಕೆಲವು ಒಂದರಿಂದ. ಸೊನ್ನೆಯಿಂದ ಎಣಿಸುವ ಕಡೆ ನೀವು ಒಂದನ್ನು ಆರಿಸಿದರೆ ಸಿಗುವುದು ಗ್ರ್ಯಾಂಡ್ ಪಿಯಾನೊ ಅಲ್ಲ, ಅದರ ಮುಂದಿನ ಬ್ರೈಟ್ ಪಿಯಾನೊ. ಕಿವಿಗೆ ಚುಚ್ಚುವ ದನಿಯ ಬಗ್ಗೆ ಬರುವ ದೂರುಗಳಲ್ಲಿ ಇದೂ ಇರುತ್ತದೆ. ಸ್ವರದ ಬದಲು ಡೋಲು, ಜಾಗಟೆಗಳು ಕೇಳಿದರೆ ಕೀಬೋರ್ಡ್ ತಾಳವಾದ್ಯಗಳಿಗೆ ಮೀಸಲಾದ ಹತ್ತನೆಯ ಚಾನೆಲ್‌ನಲ್ಲಿದೆ ಎಂದರ್ಥ, ಒಂದಕ್ಕೆ ಬದಲಾಯಿಸಿ.

ಬೆರಳಿನ ಬಲ ದಾಖಲಾಗುತ್ತಿದೆಯೇ?

ಮಂಡ್ಯದ ಹುಡುಗನೊಬ್ಬ ತನ್ನ ಕೀಬೋರ್ಡನ್ನು ಹೊದಿಕೆಯಲ್ಲಿ ಸುತ್ತಿಕೊಂಡು ತಂದೆಯ ಜೊತೆ ರೈಲಿನಲ್ಲಿ ಬಂದಿದ್ದ. "ಸರ್, ಇದಕ್ಕೆ ಒಳ್ಳೆಯ ಪಿಯಾನೊ ಹಾಕಿಕೊಡಿ, ಇರುವುದು ಬಡಿದಂತೆ ಕೇಳುತ್ತದೆ" ಎಂದರು ತಂದೆ. ಲ್ಯಾಪ್‌ಟಾಪ್‌ನಲ್ಲಿ ಸಾಲಮಾಂಡರ್ ಆಗಲೇ ಇತ್ತು. ಕೀಬೋರ್ಡ್ ಕಳಿಸುವ ಅಂಕಿಗಳನ್ನು ತೋರಿಸುವ ಮಿಡಿ-ಆಕ್ಸ್ ತಂತ್ರಾಂಶ ತೆರೆದು, ಹುಡುಗನಿಗೆ ಸರಳೆ ವರಸೆಯ ಮೊದಲ ಸಾಲನ್ನು ಎಷ್ಟು ಸಾಧ್ಯವೋ ಅಷ್ಟು ಮೆಲ್ಲಗೆ ನುಡಿಸು ಎಂದೆ. ಪರದೆಯ ಮೇಲೆ ಬಿದ್ದ ಅಂಕಿಗಳು ಹೀಗಿದ್ದವು: 97, 101, 95, 104, 99, 102, 98, 106. ಜೋರಾಗಿ ನುಡಿಸಿದಾಗ ಎಂಟೂ 127. ಹದಿನಾರು ಹಂತಗಳ ಪಿಯಾನೊದಲ್ಲಿ ಮೇಲಿನ ಐದು ಹಂತಗಳಷ್ಟೇ ಅವನ ಬೆರಳಿಗೆ ಸಿಗುತ್ತಿದ್ದವು. ಕೆಳಗಿನ ಹನ್ನೊಂದು ಹಂತಗಳ ಮೃದುವಾದ ದನಿಯನ್ನು ಅವನು ಒಮ್ಮೆಯೂ ಕೇಳಿರಲಿಲ್ಲ.

ಈ ಅಂಕಿಗೆ ವೆಲಾಸಿಟಿ ಎನ್ನುತ್ತಾರೆ, 1ರಿಂದ 127ರವರೆಗೆ ಇರುತ್ತದೆ. ಕೀಬೋರ್ಡಿಗೆ ನಿಮ್ಮ ಬೆರಳಿನ ಭಾರ ತಿಳಿಯುವುದಿಲ್ಲ. ಪ್ರತಿ ಕೀಯ ಕೆಳಗೆ ಎರಡು ಸಂಪರ್ಕ ಬಿಂದುಗಳಿರುತ್ತವೆ. ಮೊದಲನೆಯದು ಮುಟ್ಟಿದ ಮೇಲೆ ಎರಡನೆಯದು ಮುಟ್ಟಲು ಹಿಡಿದ ಸಮಯವನ್ನು ಅದು ಅಳೆಯುತ್ತದೆ. ಸಮಯ ಕಡಿಮೆಯಾದಷ್ಟೂ ಅಂಕಿ ದೊಡ್ಡದು. ಸ್ಪ್ರಿಂಗಿನ ಮೇಲೆ ನಿಂತ ಹಗುರವಾದ ಕೀ ಸ್ವಲ್ಪ ತಾಗಿದರೂ ಸರಕ್ಕನೆ ಕೆಳಗಿಳಿಯುತ್ತದೆ, ಹಾಗಾಗಿ ಅಗ್ಗದ ಕೀಬೋರ್ಡುಗಳಲ್ಲಿ ಅಂಕಿಗಳು ಮೇಲೆ ಗುಂಪಾಗುತ್ತವೆ. ಭಾರದ ಕೀಗಳಿರುವ ಕೆಲವು ಕೀಬೋರ್ಡುಗಳಲ್ಲಿ ಇದಕ್ಕೆ ತಿರುಗುಮುರುಗು: ಎಷ್ಟು ಬಡಿದರೂ 90 ದಾಟುವುದಿಲ್ಲ, ಪಿಯಾನೊ ಸದಾ ಮಂಕು.

ನೀವೂ ಹೀಗೆ ಅಳೆದು ನೋಡಿ. ಮ್ಯಾಕ್‌ನಲ್ಲಿ ಮಿಡಿ ಮಾನಿಟರ್ ಇದೆ, ಲಿನಕ್ಸ್‌ನಲ್ಲೂ ಇಂಥ ಸಾಧನಗಳಿವೆ. ಮೆಲ್ಲಗೆ ನುಡಿಸಿದಾಗ 30ರ ಆಸುಪಾಸು, ಸಹಜವಾಗಿ ನುಡಿಸಿದಾಗ 60ರಿಂದ 80, ಬಲವಾಗಿ ನುಡಿಸಿದಾಗ 110ರ ಮೇಲೆ ಬಂದರೆ ನನಗೆ ಸಮಾಧಾನ. ಬಾರದಿದ್ದರೆ ಕೀಬೋರ್ಡಿನ ಸೆಟ್ಟಿಂಗ್‌ನಲ್ಲಿ ಟಚ್ ಅಥವಾ ವೆಲಾಸಿಟಿ ಕರ್ವ್ (ಒತ್ತಿದ ವೇಗಕ್ಕೆ ಯಾವ ಅಂಕಿ ಎಂದು ನಿರ್ಧರಿಸುವ ರೇಖೆ) ಎಂಬುದನ್ನು ಹುಡುಕಿ. ಅಂಕಿಗಳು ಮೇಲೆ ಗುಂಪಾಗಿದ್ದರೆ ಹಾರ್ಡ್ ಅಥವಾ ಹೆವಿ, ಕೆಳಗೆ ಗುಂಪಾಗಿದ್ದರೆ ಸಾಫ್ಟ್ ಅಥವಾ ಲೈಟ್. ಎಲ್ಲ ಅಂಕಿಯೂ ಪ್ರತಿಸಲ ಒಂದೇ, ಉದಾಹರಣೆಗೆ 100 ಎಂದೇ ಬರುತ್ತಿದ್ದರೆ ಯಾರೋ ಫಿಕ್ಸ್‌ಡ್ ಎಂದು ಇಟ್ಟಿದ್ದಾರೆ, ಅಥವಾ ಆ ಕೀಬೋರ್ಡಿಗೆ ಬಲ ಅಳೆಯುವ ಶಕ್ತಿಯೇ ಇಲ್ಲ. ಶಕ್ತಿಯೇ ಇಲ್ಲದಿದ್ದರೆ ಯಾವ ತಂತ್ರಾಂಶವೂ ಕಾಪಾಡದು. ಕೀಬೋರ್ಡಿನಲ್ಲಿ ಸೆಟ್ಟಿಂಗ್ ಇಲ್ಲದಿದ್ದರೆ ಪಿಯಾನೊ ತಂತ್ರಾಂಶದಲ್ಲಿ ನೋಡಿ. ಪಿಯಾನೊಟೆಕ್‌ನಂಥವುಗಳಲ್ಲಿ ರೇಖೆಯನ್ನು ಬೇಕಾದಂತೆ ಬಾಗಿಸಬಹುದು. ಆ ಹುಡುಗನಿಗೆ ಕರ್ವ್ ಬದಲಾಯಿಸಿ ಕೊಟ್ಟೆ, ಕಡತವನ್ನು ಮುಟ್ಟಲಿಲ್ಲ. ಅವನು ಕೇಳಿದ ಮೊದಲ ಪ್ರಶ್ನೆ, "ಇದು ಬೇರೆ ಪಿಯಾನೊ ಅಲ್ಲವೇ?"

ಒಂದೇ ಒಂದು ಕೀ ಮಾತ್ರ ಸದಾ ಕಿರುಚಿದರೆ ಅದು ಸೆಟ್ಟಿಂಗ್ ಅಲ್ಲ, ದೂಳು. ರಬ್ಬರ್ ಗುಬ್ಬಿಯ ಕೆಳಗಿನ ಇಂಗಾಲದ ಸಂಪರ್ಕ ಕೊಳೆಯಾದಾಗ ಕೀಬೋರ್ಡ್ ಸಮಯವನ್ನು ತಪ್ಪಾಗಿ ಅಳೆದು 127 ಎಂದು ಕಳಿಸಿಬಿಡುತ್ತದೆ. ಬಿಚ್ಚಿ, ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿಯಿಂದ ಒರೆಸಬೇಕು. ಅಭ್ಯಾಸವಿಲ್ಲದವರು ರಿಪೇರಿ ಮಾಡುವವರಿಗೇ ಕೊಡುವುದು ಲೇಸು.

ದನಿಯ ಗುಣಮಟ್ಟಕ್ಕಿಂತ ಬೆರಳಿನ ಬಲವೇ ಮುಖ್ಯ ಎಂದು ನಾನು ಹಟ ಹಿಡಿಯುವುದಕ್ಕೆ ಮೈಸೂರಿನದೇ ಒಂದು ಪುರಾವೆಯಿದೆ. ಸ್ವತಃ ಪಿಯಾನೊ ನುಡಿಸುತ್ತಿದ್ದ ಜಯಚಾಮರಾಜ ಒಡೆಯರ್ ಅವರು 1940ರ ದಶಕದ ಕೊನೆಯಲ್ಲಿ ರಷ್ಯದ ಸಂಯೋಜಕ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟರು. ಲಂಡನ್ನಿನಲ್ಲಿದ್ದ ಮೆಟ್ನರ್ ಅವರೇ ಪಿಯಾನೊ ನುಡಿಸಿದರು, ತಮ್ಮ ಮೂರನೆಯ ಪಿಯಾನೊ ಕಾನ್ಚೆರ್ಟೊವನ್ನು ಮಹಾರಾಜರಿಗೆ ಅರ್ಪಿಸಿದರು. ಆ ಮುದ್ರಣಗಳನ್ನು ಈಗ ಕೇಳಿದರೆ 78 ಸುತ್ತಿನ ತಟ್ಟೆಯ ಸರಸರ ಸದ್ದಿದೆ, ಸ್ಟೀರಿಯೊ ಇಲ್ಲ, ತಾರಸ್ಥಾಯಿಯ ಮಿನುಗು ಇಲ್ಲ. ಆದರೂ ಕ್ಷಣಮಾತ್ರವೂ ಅದು ಪಿಯಾನೊ ಅಲ್ಲ ಎನ್ನಿಸುವುದಿಲ್ಲ, ಏಕೆಂದರೆ ಒಂದು ಸ್ವರಕ್ಕೂ ಮುಂದಿನ ಸ್ವರಕ್ಕೂ ಬಲದ ವ್ಯತ್ಯಾಸ ಪೂರ್ತಿಯಾಗಿ ಉಳಿದಿದೆ. ಹತ್ತಾರು ಜಿಬಿಯ ಕಡತ ಹಾಕಿಕೊಂಡು 95ರಿಂದ 106ರೊಳಗೆ ನುಡಿಸುವವರು ಕಳೆದುಕೊಳ್ಳುವುದು ಇದನ್ನೇ.

ಒತ್ತಿದ ಮೇಲೆ ತಡವಾಗಿ ಬಂದರೆ

ತಂತ್ರಾಂಶದ ಆಡಿಯೊ ಸೆಟ್ಟಿಂಗ್‌ನಲ್ಲಿ ಬಫರ್, ಅಂದರೆ ಕಂಪ್ಯೂಟರ್ ಒಮ್ಮೆಗೆ ತಯಾರಿಸಿಟ್ಟುಕೊಳ್ಳುವ ದನಿಯ ತುಣುಕು, ಎಷ್ಟಿದೆ ನೋಡಿ. ಬಫರನ್ನು ಸ್ಯಾಂಪಲ್ ರೇಟಿನಿಂದ (ಸೆಕೆಂಡಿಗೆ ದನಿಯ ಎಷ್ಟು ಅಳತೆಗಳು ಎಂಬ ಅಂಕಿ) ಭಾಗಿಸಿದರೆ ತಡ ಎಷ್ಟೆಂದು ಸಿಗುತ್ತದೆ. 48000 ರೇಟಿನಲ್ಲಿ 2048ರ ಬಫರ್ ಎಂದರೆ ಸುಮಾರು 43 ಮಿಲಿಸೆಕೆಂಡ್, 256 ಎಂದರೆ 5 ಚಿಲ್ಲರೆ. ಡ್ರೈವರ್ ಮತ್ತು ಯುಎಸ್‌ಬಿಯ ತಡ ಇದಕ್ಕೆ ಸೇರುತ್ತದೆ. ಒಟ್ಟು 10ರ ಆಸುಪಾಸಿನಲ್ಲಿದ್ದರೆ ಬೆರಳಿಗೆ ತಿಳಿಯುವುದಿಲ್ಲ, 30 ದಾಟಿದರೆ ಲಯ ಹಿಡಿಯುವುದೇ ಕಷ್ಟ. ತಡವಾದ ದನಿಯನ್ನು ಎಷ್ಟೋ ಮಂದಿ ಕೆಟ್ಟ ದನಿ ಎಂದೇ ಕೇಳಿಸಿಕೊಳ್ಳುತ್ತಾರೆ.

ವಿಂಡೋಸ್‌ನಲ್ಲಿ ತಡ ಕಡಿಮೆ ಮಾಡುವ ಆಸಿಯೊ ಡ್ರೈವರ್ ಬಳಸಿ. ಆಡಿಯೊ ಇಂಟರ್‌ಫೇಸ್ ಇಲ್ಲದವರಿಗೆ ಉಚಿತವಾದ ಆಸಿಯೊ4ಆಲ್ ಇದೆ. ಮ್ಯಾಕ್‌ನಲ್ಲಿ ಈ ತಾಪತ್ರಯ ಕಡಿಮೆ. ಬ್ಲೂಟೂತ್ ಹೆಡ್‌ಫೋನ್ ಬೇಡವೆಂದದ್ದು ಇದಕ್ಕೇ: ಅದೊಂದೇ ನೂರು, ಇನ್ನೂರು ಮಿಲಿಸೆಕೆಂಡ್ ತಿಂದುಹಾಕುತ್ತದೆ, ಬಫರ್ ಎಷ್ಟು ಇಳಿಸಿದರೂ ಪ್ರಯೋಜನವಿಲ್ಲ.

ಚಟಪಟ ಸದ್ದು

ಇದರಲ್ಲಿ ಎರಡು ಜಾತಿ. ತಂತ್ರಾಂಶದೊಳಗಿನ ದನಿಯ ಮಟ್ಟವಾದ ಗೇನ್ ಅನ್ನು ಅರ್ಧಕ್ಕೆ ಇಳಿಸಿ ಅದೇ ಭಾಗವನ್ನು ನುಡಿಸಿ. ಸದ್ದು ಮಾಯವಾದರೆ ಅದು ಮಟ್ಟ ಮೀರಿ ಒಡೆಯುತ್ತಿದ್ದ ದನಿ. ಹತ್ತು ಬೆರಳಿನ ಜೋರಾದ ಸ್ವರಮೇಳದಲ್ಲಿ ಹೆಚ್ಚು ಕೇಳುತ್ತದೆ. ಫ್ಲೂಯಿಡ್‌ಸಿಂತ್ ತಾನಾಗಿ ಗೇನನ್ನು 0.2ಕ್ಕೆ ಇಟ್ಟುಕೊಳ್ಳುವುದು ಇದನ್ನು ತಪ್ಪಿಸಲೆಂದೇ. ದನಿ ಸಣ್ಣದಾಯಿತೆಂದು ಅದನ್ನು ವಿಪರೀತ ಏರಿಸುವ ಬದಲು ಸ್ಪೀಕರಿನ ವಾಲ್ಯೂಮ್ ಏರಿಸಿ.

ಗೇನ್ ಇಳಿಸಿದರೂ ಸದ್ದು ಉಳಿದರೆ ಕಂಪ್ಯೂಟರ್ ಸಮಯಕ್ಕೆ ಸರಿಯಾಗಿ ದನಿ ಒದಗಿಸುತ್ತಿಲ್ಲ. ಬಫರನ್ನು ಒಂದು ಹಂತ ಏರಿಸಿ, ವೈಫೈ ಆಫ್ ಮಾಡಿ, ಪವರ್ ಪ್ಲಾನ್ ಅನ್ನು ಹೈ ಪರ್ಫಾರ್ಮೆನ್ಸ್‌ಗೆ ಇಡಿ. ಬೇಸಿಗೆಯಲ್ಲಿ ಕರೆಂಟು ಹೋದಾಗ ಮಾತ್ರ ಚಟಪಟ ಎನ್ನುತ್ತದೆ ಎಂಬ ದೂರು ನಿಗೂಢವೇನಲ್ಲ. ಲ್ಯಾಪ್‌ಟಾಪ್ ಬ್ಯಾಟರಿಗೆ ಹೊರಳಿದಾಗ ಪ್ರೊಸೆಸರಿನ ವೇಗ ಇಳಿಸಿಕೊಳ್ಳುತ್ತದೆ, ಅಷ್ಟೇ.

ಪೆಡಲ್ ಒತ್ತಿ ನುಡಿಸುವಾಗ ಹಿಂದಿನ ಸ್ವರಗಳು ತಟ್ಟನೆ ಕಡಿದುಹೋದರೆ ಪಾಲಿಫೊನಿ, ಅಂದರೆ ಒಮ್ಮೆಗೆ ನುಡಿಯಬಲ್ಲ ದನಿಗಳ ಸಂಖ್ಯೆ, ಸಾಲದು. ಸ್ಟೀರಿಯೊ ಸ್ವರವೊಂದಕ್ಕೆ ಎರಡು ದನಿಗಳು ಬೇಕಾಗುವುದರಿಂದ 32 ಎಂದಿದ್ದರೆ ಹದಿನಾರೇ ಸ್ವರ. 128ಕ್ಕೆ ಏರಿಸಿ. ಪೆಡಲ್ ಬಿಟ್ಟಾಗ ದನಿ ಉಳಿದು, ಒತ್ತಿದಾಗ ಕಡಿದರೆ ಪೆಡಲಿನ ದಿಕ್ಕು ಉಲ್ಟಾ ಆಗಿದೆ. ಕೀಬೋರ್ಡ್ ಆಫ್ ಮಾಡಿ, ಪೆಡಲ್ ಚುಚ್ಚಿ, ಕಾಲು ಇಡದೆ ಮತ್ತೆ ಹಾಕಿ. ಬಹುತೇಕ ಕೀಬೋರ್ಡುಗಳು ಆನ್ ಆಗುವಾಗ ಪೆಡಲಿನ ಸ್ಥಿತಿಯನ್ನು ಓದಿಕೊಳ್ಳುತ್ತವೆ.

ಟೊಳ್ಳು ದನಿ, ನಡುಗುವ ದನಿ, ತಪ್ಪಿದ ಶ್ರುತಿ

ಡಿಜಿಟಲ್ ಪಿಯಾನೊವನ್ನೇ ಕಂಪ್ಯೂಟರಿಗೆ ಜೋಡಿಸಿದ್ದರೆ ಅದರದೇ ದನಿಯೂ ಕಂಪ್ಯೂಟರಿನ ದನಿಯೂ ಒಟ್ಟಿಗೆ ಕೇಳುತ್ತಿರಬಹುದು. ಎರಡರ ನಡುವೆ ಕೆಲವೇ ಮಿಲಿಸೆಕೆಂಡ್ ಅಂತರವಿರುವುದರಿಂದ ಒಂದರ ಅಲೆ ಇನ್ನೊಂದರ ಅಲೆಯನ್ನು ಅಲ್ಲಲ್ಲಿ ಕಡಿದು, ದನಿ ಟೊಳ್ಳಾಗುತ್ತದೆ. ಪಿಯಾನೊದ ಸೆಟ್ಟಿಂಗ್‌ನಲ್ಲಿ ಲೋಕಲ್ ಕಂಟ್ರೋಲ್ ಅನ್ನು ಆಫ್ ಮಾಡಿ, ಆಗ ಕೀ ಒತ್ತಿದರೂ ಅದರದೇ ದನಿ ಬರುವುದಿಲ್ಲ. ಪಾಠಕ್ಕೆ ಕೂರುವಾಗ ಅದನ್ನು ಮತ್ತೆ ಆನ್ ಮಾಡಲು ಮರೆತರೆ ಪಿಯಾನೊ ಕೆಟ್ಟುಹೋಯಿತೆಂಬ ಗಾಬರಿ ಬೇರೆ.

ಸ್ವರ ಇಳಿಯುವಾಗ ನೀರಿನೊಳಗಿನಂತೆ ಅಲುಗಿದರೆ ದನಿಗೆ ಅದರದೇ ನಡುಗುವ ನಕಲನ್ನು ಬೆರೆಸುವ ಕೋರಸ್ ಅನ್ನು ಆಫ್ ಮಾಡಿ. ಫ್ಲೂಯಿಡ್‌ಸಿಂತ್‌ನಲ್ಲಿ ಕೋರಸ್ ಮತ್ತು ರಿವರ್ಬ್ (ಕೋಣೆಯ ಅನುರಣನದ ನಕಲು) ಎರಡೂ ಮೊದಲಿಂದಲೇ ಆನ್ ಆಗಿರುತ್ತವೆ. ಅದನ್ನು ನಡೆಸುವ ಕ್ಯೂಸಿಂತ್ ತಂತ್ರಾಂಶದ ಕಿಟಕಿಯಲ್ಲಿ ಎರಡಕ್ಕೂ ಗುರುತು ಹಾಕುವ ಚೌಕಗಳಿವೆ. ತಂತಿವಾದ್ಯಗಳ ಮೇಳಕ್ಕೆ ಕೋರಸ್ ಒಪ್ಪುತ್ತದೆ, ಪಿಯಾನೊಗೆ ಅದು ಶ್ರುತಿ ಕಳೆಯುವ ಸಾಧನ.

ಇಡೀ ಪಿಯಾನೊ ಶ್ರುತಿ ಏರಿದಂತಿದ್ದು, ಶ್ರುತಿಪೆಟ್ಟಿಗೆಯ ಜೊತೆ ಯಾವ ಮನೆಗೂ ಕೂಡದಿದ್ದರೆ ಸ್ಯಾಂಪಲ್ ರೇಟ್ ನೋಡಿ. 44100ರಲ್ಲಿ ತಯಾರಾದ ದನಿಯನ್ನು 48000ರಲ್ಲಿ ಓಡಿಸಿದರೆ ಸುಮಾರು ಒಂದೂವರೆ ಸ್ವರಸ್ಥಾನದಷ್ಟು ಏರುತ್ತದೆ. ಆ ಅರ್ಧದಿಂದಾಗಿಯೇ ಟ್ರಾನ್ಸ್‌ಪೋಸ್ ಗುಂಡಿಯಿಂದ ಅದನ್ನು ಸರಿಪಡಿಸಲಾಗದು. ತಂತ್ರಾಂಶ, ಡ್ರೈವರ್, ವಿಂಡೋಸ್ ಮೂರರಲ್ಲೂ ಒಂದೇ ರೇಟ್ ಇಡಿ.

ಗುಂಯ್ ಎನ್ನುವ ಸದ್ದು

ನುಡಿಸದಿದ್ದಾಗಲೂ ಸ್ಪೀಕರಿನಲ್ಲಿ ಗುಂಯ್ ಎನ್ನುತ್ತಿದ್ದರೆ ಲ್ಯಾಪ್‌ಟಾಪ್ ಚಾರ್ಜರನ್ನು ಕಿತ್ತು ನೋಡಿ. ಸದ್ದು ನಿಂತರೆ ಅರ್ಥಿಂಗ್ ಸಮಸ್ಯೆ, ಅದು ನಮ್ಮ ಕರೆಂಟಿನ 50 ಹರ್ಟ್ಸ್ ಮತ್ತು ಅದರ ಮರಿಗಳು. ಲ್ಯಾಪ್‌ಟಾಪ್ ಮತ್ತು ಸ್ಪೀಕರ್ ಎರಡನ್ನೂ ಒಂದೇ ಸಾಕೆಟ್ಟಿನ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಆಗಲೂ ಹೋಗದಿದ್ದರೆ ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಚಿಕ್ಕ ಪೆಟ್ಟಿಗೆಯನ್ನು ಆಡಿಯೊ ತಂತಿಯ ನಡುವೆ ಸೇರಿಸಿ. ಮೂರು ಪಿನ್ನಿನ ಪ್ಲಗ್ಗಿನಿಂದ ಅರ್ಥ್ ಪಿನ್ ಮುರಿದರೆ ಸದ್ದು ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಸದ್ದಿನ ಜೊತೆ ಜೀವವೂ ಹೋದೀತು.

ಸ್ಪೀಕರ್ ಮತ್ತು ಕೋಣೆ

ಪಿಯಾನೊದ ಅತಿ ಕೆಳಗಿನ ಸ್ವರ 27.5 ಹರ್ಟ್ಸ್. ಲ್ಯಾಪ್‌ಟಾಪಿನ ಸ್ಪೀಕರ್ 200ರ ಕೆಳಗೆ ಹೆಚ್ಚೇನೂ ಕೊಡದು. ಮಂದ್ರವನ್ನು ಅದರಲ್ಲಿ ಕೇಳಿ ಕಡತವನ್ನು ಬೈಯುವುದು ಅನ್ಯಾಯ.

ಇದಕ್ಕಿಂತ ಕೆಟ್ಟದ್ದು ವಿಂಡೋಸ್ ಸೌಂಡ್ ಸೆಟ್ಟಿಂಗ್‌ನಲ್ಲಿ ಅಡಗಿರುವ ಆಡಿಯೊ ಎನ್‌ಹಾನ್ಸ್‌ಮೆಂಟ್. ಲೌಡ್‌ನೆಸ್ ಈಕ್ವಲೈಸೇಷನ್ ಆನ್ ಇದ್ದರೆ ಅದು ಮೆಲುದನಿಯನ್ನು ಎತ್ತಿ, ಜೋರು ದನಿಯನ್ನು ಅದುಮುತ್ತದೆ. ಸಿನಿಮಾ ಮಾತುಗಳಿಗೆ ಅದು ಉಪಕಾರಿ. ಪಿಯಾನೊದಲ್ಲಿ ಸ್ವರ ಆರುತ್ತಿದ್ದಂತೆ ಮತ್ತೆ ಉಬ್ಬಿ ಬರುತ್ತದೆ, ನೀವು ಕಷ್ಟಪಟ್ಟು ಸರಿಪಡಿಸಿದ ವೆಲಾಸಿಟಿಯೆಲ್ಲ ಹೊಳೆಗೆ ಹೋಗುತ್ತದೆ. ಅಲ್ಲಿರುವ ಪ್ರತಿಯೊಂದನ್ನೂ ಆಫ್ ಮಾಡಿ.

ರಿವರ್ಬ್ ಎಷ್ಟಿರಬೇಕು ಎಂಬುದನ್ನು ಕೋಣೆಯೇ ಹೇಳುತ್ತದೆ. ಹೆಡ್‌ಫೋನಿನಲ್ಲಿ ಸ್ವಲ್ಪ ಹಾಲ್ ರಿವರ್ಬ್ ಇಲ್ಲದಿದ್ದರೆ ಪಿಯಾನೊ ತಲೆಯೊಳಗೇ ಬಡಿದಂತಾಗುತ್ತದೆ. ಆದರೆ ಕೆಂಪು ರೆಡ್ ಆಕ್ಸೈಡ್ ನೆಲ, ಎತ್ತರದ ತಾರಸಿ ಇರುವ ಹಳೆಯ ಮೈಸೂರು ಮನೆಯ ಹಜಾರಕ್ಕೆ ಅದೇ ಸೆಟ್ಟಿಂಗ್ ಒಯ್ದರೆ ಎರಡು ಅನುರಣನಗಳು ಕಲೆತು ಕಲಸುಮೇಲೋಗರ. ಅಲ್ಲಿ ರಿವರ್ಬ್ ಪೂರ್ತಿ ಆಫ್ ಮಾಡಿ, ಸ್ಪೀಕರುಗಳನ್ನು ಗೋಡೆಯಿಂದ ಒಂದೆರಡು ಅಡಿ ಮುಂದೆ ತಂದು, ಕಿವಿಯ ಎತ್ತರಕ್ಕೆ ಇಡಿ. ಕೆಳಗೊಂದು ಜಮಖಾನ ಹಾಸಿ. ಆಮೇಲೂ ದನಿ ಗೊಗ್ಗರಾಗಿದ್ದರೆ ಈಕ್ವಲೈಸರ್‌ನಲ್ಲಿ 300 ಹರ್ಟ್ಸ್ ಸುತ್ತ ಎರಡು ಮೂರು ಡೆಸಿಬಲ್ ಇಳಿಸಿ, ಚುಚ್ಚುತ್ತಿದ್ದರೆ 3000ದ ಸುತ್ತ. ಅದಕ್ಕಿಂತ ಹೆಚ್ಚು ಇಳಿಸಬೇಕೆನ್ನಿಸಿದರೆ ದೋಷ ಬೇರೆಲ್ಲೋ ಉಳಿದಿದೆ, ಮತ್ತೆ ನಡುವಿನ ಸಿ ಒತ್ತಿ ಶುರು ಮಾಡಿ.

ಶಾಲಾ ವಾರ್ಷಿಕೋತ್ಸವಕ್ಕೋ ಛತ್ರದ ಕಾರ್ಯಕ್ರಮಕ್ಕೋ ಲ್ಯಾಪ್‌ಟಾಪ್ ಒಯ್ಯುವವರಿಗೆ ಇನ್ನೊಂದು ಮಾತು. ಅಲ್ಲಿನ ಸೌಂಡ್ ಸಿಸ್ಟಂ ಬಹುಪಾಲು ಮೊನೊ. ಎಡ ಬಲ ಮೈಕುಗಳಿಂದ ಮುದ್ರಿಸಿದ ಪಿಯಾನೊದ ಎರಡು ದನಿಗಳನ್ನು ಒಂದಾಗಿ ಕೂಡಿಸಿದಾಗ ಕೆಲವು ಸ್ವರಗಳು ಸೊರಗುತ್ತವೆ. ಹಿಂದಿನ ದಿನವೇ ಮನೆಯಲ್ಲಿ ವಿಂಡೋಸಿನ ಮೊನೊ ಆಡಿಯೊ ಆನ್ ಮಾಡಿ ಕೇಳಿ. ಸೊರಗಿದರೆ ಎಡಗಡೆಯ ಚಾನೆಲ್ ಒಂದನ್ನೇ ಮಿಕ್ಸರಿಗೆ ಕೊಡಿ. ಮಿಕ್ಸರಿನವರು ಎರಡೂ ತಂತಿ ಕೊಡಿ ಎಂದು ಒತ್ತಾಯಿಸಿದರೂ ಒಂದೇ ಸಾಕು ಎನ್ನಿ.